ತಿಪಟೂರಿನ ಮನೆಗೊಂದು ಪುಟ್ಟ ಫೈಲ್ ಸರ್ವರ್: ಯಾವ ಪಾರ್ಟ್ಸ್ ತಗೊಳ್ಳಲಿ?

ಆಲ್ಬಮ್ ಅಕ್ಕ, ತಿಪಟೂರು

ಎಲ್ಲರಿಗೂ ನಮಸ್ಕಾರ. ನಮ್ಮನೆಯವರು ಮದುವೆ ಶೂಟ್ ಮಾಡ್ತಾರೆ, ಎಡಿಟಿಂಗು, ಆಲ್ಬಮ್ಮು ನನ್ನ ಪಾಲು. ಆಷಾಢ ಶುರುವಾಗಿದೆ, ಕ್ಯಾಮೆರಾ ಬ್ಯಾಗ್ ಮೂಲೆ ಸೇರಿದೆ. ಶ್ರಾವಣದ ಮುಹೂರ್ತಗಳು ಬರೋದ್ರೊಳಗೆ ಮನೇಲೊಂದು ಸಣ್ಣ ಫೈಲ್ ಸರ್ವರ್ (ಎಲ್ಲ ಫೈಲೂ ಒಂದೇ ಕಡೆ ಇಟ್ಟು ನೆಟ್‌ವರ್ಕಲ್ಲಿ ತೆಗೆಯೋ ಕಂಪ್ಯೂಟರ್) ಕಟ್ಟಿ ಮುಗಿಸ್ಬೇಕು ಅಂತಿದೀನಿ.

ಈಗಿನ ವ್ಯವಸ್ಥೆ ಕೇಳಿ ನಗಬೇಡಿ. ಬೀರುವಿನ ಮೇಲ್ತಟ್ಟಿನ ತುಂಬಾ ಪೋರ್ಟಬಲ್ ಹಾರ್ಡ್‌ಡಿಸ್ಕು. ಒಂದೊಂದರ ಬೆನ್ನಿಗೂ ಬಿಳಿ ಟೇಪು, ಟೇಪಿನ ಮೇಲೆ ಮಾರ್ಕರ್‌ನಲ್ಲಿ ಛತ್ರದ ಹೆಸರು, ತಿಂಗಳು. ಹುಡುಗ ಹುಡುಗಿ ಹೆಸರು ಬರೆಯೋಕೆ ಜಾಗ ಸಾಲಲ್ಲ. ಎರಡು ವರ್ಷ ಬಿಟ್ಟು ಫೋನ್ ಬರುತ್ತೆ: "ಮೇಡಂ, ಮಗು ನಾಮಕರಣ, ಎಲ್‌ಇಡಿ ಪರದೇಲಿ ಮದುವೆ ವಿಡಿಯೊ ಹಾಕಿಸ್ಬೇಕು, ಇದೆ ತಾನೆ?" ಇದೆ. ಯಾವ ಡಿಸ್ಕಲ್ಲಿದೆ ಅಂತ ಹುಡುಕೋದ್ರಲ್ಲಿ ಮಧ್ಯಾಹ್ನ ಕಳೆಯುತ್ತೆ.

4ಕೆ ವಿಡಿಯೊ 100 ಎಂಬಿಪಿಎಸ್‌ನಲ್ಲಿ ತೆಗೆದ್ರೆ ಗಂಟೆಗೆ 45 ಜಿಬಿ. ರಿಸೆಪ್ಷನ್ನು, ಮುಹೂರ್ತ ಎರಡಕ್ಕೂ ಎರಡೆರಡು ಕ್ಯಾಮೆರಾ, ಅದರ ಮೇಲೆ ರಾ ಫೋಟೊಗಳು. ಒಂದು ಮದುವೆ ಅಂದ್ರೆ 300ರಿಂದ 400 ಜಿಬಿ. ಹಳೇದೆಲ್ಲ ಒಟ್ಟು ಮಾಡಿದ್ರೆ 6 ಟಿಬಿ ಹತ್ತಿರ.

ಕಂಪ್ಯಾಕ್ಟ್ ಆಗಿರ್ಬೇಕು ಅನ್ನೋದು ಶೋಕಿಗಲ್ಲ. ಅಟ್ಟದ ತುಂಬಾ ಮಾವನವರ ಕಾಯಿ. ಉಂಡೆ ಕೊಬ್ಬರಿ ಆಗೋಕೆ ವರ್ಷ ಹತ್ತಿರ ಬೇಕು, ಅಲ್ಲಿವರೆಗೆ ಅಲ್ಲಿಗೆ ಬೇರೇನೂ ಹತ್ತಿಸೋ ಹಾಗಿಲ್ಲ. ಹತ್ತಿಸಿದ್ರೂ ಧೂಳು, ಇಲಿ. ಉಳಿದಿರೋದು ಹಾಲ್‌ನಲ್ಲಿ ಟಿವಿ ಕೆಳಗಿನ ಕಪಾಟು. ಅತ್ತೆ ಮಲಗೋದೂ ಹಾಲ್‌ನಲ್ಲೇ, ಹಾಗಾಗಿ ಸದ್ದು ಮಾಡ್ಬಾರ್ದು.

ನೋಡಿರೋದು: ಇಂಟೆಲ್ ಎನ್100 ಚಿಪ್ಪಿರೋ ಮಿನಿ ಐಟಿಎಕ್ಸ್ ಅನ್ನೋ ಪುಟ್ಟ ಮದರ್‌ಬೋರ್ಡು, ಇಲ್ಲಾಂದ್ರೆ ಸೆಕೆಂಡ್‌ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪು, ಇಲ್ಲಾಂದ್ರೆ ರೆಡಿಮೇಡ್ ಎರಡು ಡಿಸ್ಕಿನ ಪೆಟ್ಟಿಗೆ. ಡಿಸ್ಕ್ ಸೇರಿ 80,000 ರೂಪಾಯಿ ಒಳಗೆ ಮುಗೀಬೇಕು. ಪ್ರೊಸೆಸರ್ ಬಗ್ಗೆ ಯೂಟ್ಯೂಬಲ್ಲಿ ಎಲ್ಲರೂ ಗಂಟೆಗಟ್ಲೆ ಮಾತಾಡ್ತಾರೆ, ಡಿಸ್ಕ್ ಬಗ್ಗೆ ಯಾರೂ ಬಾಯಿಬಿಡಲ್ಲ. ನನಗೆ ಅದೇ ಬೇಕಾಗಿರೋದು.

ಸಿರಾಗೇಟ್ ಹುಡುಗ

ಅಕ್ಕಾ, ಎನ್100 ಗಿನ್100 ಬಿಡಿ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಕಂಪನಿಗಳು ಬಿಟ್ಟ ಡೆಸ್ಕ್‌ಟಾಪ್ ರಾಶಿ ಬಿದ್ದಿರುತ್ತೆ. 8ನೇ ಜನರೇಶನ್ ಐ5, 8 ಜಿಬಿ ರ್‍ಯಾಮ್, ಕಡಿಮೆ ರೇಟಿಗೆ ಸಿಗುತ್ತೆ. 65 ವಾಟ್ ಅಂತ ಬರೆದಿದ್ದಕ್ಕೆ ಹೆದರ್ಬೇಡಿ, ಅದು ಪೂರ್ತಿ ದುಡಿಯುವಾಗಿನ ಲೆಕ್ಕ. ಸುಮ್ನೆ ಕೂತಾಗ ಅಷ್ಟು ಎಳೆಯಲ್ಲ. ಉಳಿದ ದುಡ್ಡೆಲ್ಲ ಡಿಸ್ಕಿಗೆ ಹಾಕಿ.

ಲ್ಯಾಬ್ ಮೇಷ್ಟ್ರು, ತುಮಕೂರು

ಹುಡುಗ ಹೇಳಿದ್ದು ಅರ್ಧ ಸರಿ. ದುಡ್ಡು ಡಿಸ್ಕಿಗೇ ಹೋಗ್ಬೇಕು. ಆದ್ರೆ ಆ ಸಣ್ಣ ಆಫೀಸ್ ಪೆಟ್ಟಿಗೇಲಿ 3.5 ಇಂಚಿನ ಡಿಸ್ಕ್ ಒಂದು, ಹೆಚ್ಚು ಅಂದ್ರೆ ಎರಡು ಕೂರುತ್ತೆ. ಪವರ್ ಸಪ್ಲೈ ಕನೆಕ್ಟರ್ ಆಯಾ ಕಂಪನಿಯದೇ ಆಕಾರ, ಕೆಟ್ರೆ ಅಂಗಡಿಯಿಂದ ಬೇರೆ ತಂದು ಸಿಕ್ಕಿಸೋಕಾಗಲ್ಲ. ನಿಮ್ಮ ಡೇಟಾ ಬೆಳೆಯೋ ವೇಗಕ್ಕೆ ಎರಡು ಡಿಸ್ಕಿನ ಜಾಗ ಬೇಗ ಸಾಲದಾಗುತ್ತೆ.

ಮೊದಲು ಡಿಸ್ಕ್. ಪೆಟ್ಟಿಗೆ ಮೇಲೆ ಟಿಬಿ ಎಷ್ಟು ಅಂತ ನೋಡಿದ್ರೆ ಸಾಲದು, ಸಿಎಂಆರೋ ಎಸ್‌ಎಂಆರೋ ಅಂತ ನೋಡಿ, ಡಿಸ್ಕಲ್ಲಿ ಡೇಟಾ ಬರೆಯೋ ಎರಡು ವಿಧಾನ ಅವು. ಸಿಎಂಆರ್‌ನಲ್ಲಿ ಟ್ರ್ಯಾಕ್‌ಗಳು ಒಂದರ ಮೇಲೊಂದು ಬರಲ್ಲ. ಎಸ್‌ಎಂಆರ್ ಡಿಸ್ಕಲ್ಲಿ ಟ್ರ್ಯಾಕ್‌ಗಳನ್ನ ಮನೆ ಮಾಡಿಗೆ ಹೆಂಚು ಹೊದಿಸಿದ ಹಾಗೆ ಒಂದರ ಅಂಚು ಇನ್ನೊಂದರ ಮೇಲೆ ಬರೋ ಥರ ಬರೆದಿರ್ತಾರೆ. ನಡುವೆ ಒಂದನ್ನ ತಿದ್ದಬೇಕಾದ್ರೆ ಪಕ್ಕದ್ದನ್ನೂ ತೆಗೆದು ಮತ್ತೆ ಬರೀಬೇಕು. ಸುಮ್ನೆ ಫೈಲ್ ತುಂಬುವಾಗ ಇದು ಗೊತ್ತೇ ಆಗಲ್ಲ. ಒಂದು ಡಿಸ್ಕ್ ಸತ್ತು ಹೊಸದಕ್ಕೆ ಪೂರ್ತಿ ಡೇಟಾ ತುಂಬಿಸೋ ದಿನ ಕೈ ಕೊಡುತ್ತೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನಲ್ಲಿ 2ರಿಂದ 6 ಟಿಬಿವರೆಗಿನ ಕೆಲವು ಮಾದರಿ ಎಸ್‌ಎಂಆರ್ ಅನ್ನೋದು ಹೊರಬಿದ್ದು ದೊಡ್ಡ ಗಲಾಟೆ ಆಯ್ತು, ಆಮೇಲೆ ಸಿಎಂಆರ್ ಇರೋವನ್ನ ರೆಡ್ ಪ್ಲಸ್ ಅಂತ ಬೇರೆ ಮಾಡಿದ್ರು. ಸೀಗೇಟ್‌ನಲ್ಲಿ ಐರನ್‌ವುಲ್ಫ್ ತಗೊಳ್ಳಿ. ಬ್ಯಾರಕುಡಾ 8 ಟಿಬಿ ಅಗ್ಗ ಅಂತ ಅಂಗಡಿಯವ್ರು ಕೈಗೆ ಕೊಡ್ತಾರೆ, ಅದು ಎಸ್‌ಎಂಆರ್, ಇದಕ್ಕೆ ಬೇಡ. ಎರಡು 8 ಟಿಬಿ ತಂದು ಮಿರರ್ ಮಾಡಿ, ಅಂದ್ರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಹಾಗೇ ಇರೋ ಥರ. ಆದ್ರೆ ಎರಡು ಅಂಗಡಿಯಿಂದ ತನ್ನಿ, ಒಂದೇ ಬ್ಯಾಚಿನವು ಆಗದಿರಲಿ ಅಂತ.

ಬೋರ್ಡು: ಎನ್100 ಧಾರಾಳ ಸಾಕು. 2023ರ ಚಿಪ್ಪು, ನಾಲ್ಕು ಕೋರ್, 6 ವಾಟ್. ಫೈಲ್ ಹಂಚೋ ಕೆಲಸಕ್ಕೆ ಅದಕ್ಕೆ ಬೆವರೂ ಬರಲ್ಲ. ಗಮನಿಸ್ಬೇಕಾದ್ದು ಒಂದೇ, ಆ ಚಿಪ್ಪಿಗೆ ಸ್ವಂತದ ಸಾಟಾ (ಡಿಸ್ಕ್ ಸಿಕ್ಕಿಸೋ ಪೋರ್ಟು) ಎರಡೇ. ನಾಲ್ಕು, ಆರು ಪೋರ್ಟ್ ಇರೋ ಬೋರ್ಡಲ್ಲಿ ಮಿಕ್ಕಿದ್ದು ಜೆಎಂಬಿ585 ಅಥವಾ ಎಎಸ್‌ಎಂ1166 ಅನ್ನೋ ಇನ್ನೊಂದು ಚಿಪ್ಪಿನಿಂದ ಬಂದಿರುತ್ತೆ. ಎರಡೂ ನಡೆಯುತ್ತೆ, ಸಿಕ್ಕಿದ್ರೆ ಎಎಸ್‌ಎಂ1166 ಇರಲಿ, ಕರೆಂಟ್ ಉಳಿತಾಯಕ್ಕೆ ಅದೇ ವಾಸಿ. ಯಾವ ಚಿಪ್ಪು ಅಂತ ಹೇಳದ ಬೋರ್ಡು ಬೇಡ.

ಪವರ್ ಸಪ್ಲೈನಲ್ಲಿ ಕಂಜೂಸಿ ಮಾಡ್ಬೇಡಿ. ಓಡುವಾಗ ಡಿಸ್ಕ್ ತಿನ್ನೋದು ಬರೀ 5 ವಾಟ್ ಆಸುಪಾಸು, ಆದ್ರೆ ತಿರುಗೋಕೆ ಶುರು ಮಾಡುವಾಗ 12 ವೋಲ್ಟಿನಲ್ಲಿ 2 ಆಂಪಿಯರ್ ಹತ್ತಿರ ಎಳೆಯುತ್ತೆ. ಮುಂದೆ ನಾಲ್ಕು ಡಿಸ್ಕ್ ಆದಾಗ ಆ ಕೆಲವು ಸೆಕೆಂಡಿಗೆ ಡಿಸ್ಕುಗಳಿಗೇ 100 ವಾಟ್. ಲ್ಯಾಪ್‌ಟಾಪ್ ಥರದ ಅಡಾಪ್ಟರ್ ಮುಗ್ಗರಿಸೋದು ಇಲ್ಲೇ. ಮೋಲೆಕ್ಸ್ ಅನ್ನೋ ಹಳೇ ನಾಲ್ಕು ಪಿನ್ನಿನ ಪವರ್ ಕನೆಕ್ಟರ್‌ನಿಂದ ಸಾಟಾಗೆ ಬದಲಿಸೋ ವೈರಲ್ಲಿ ಪ್ಲಾಸ್ಟಿಕ್ ಎರಕ ಹೊಯ್ದ ತುದಿ ಇದ್ರೆ ಅಂಗಡಿಯಲ್ಲೇ ವಾಪಸ್ ಕೊಡಿ, ಅವು ಒಳಗೇ ಶಾರ್ಟ್ ಆಗಿ ಹೊಗೆ ಬರೋದುಂಟು.

ಕೇಸಿಗೆ ಫ್ರ್ಯಾಕ್ಟಲ್‌ನ ನೋಡ್ 304 ಸಿಕ್ಕಿದ್ರೆ ನೋಡಿ. ಆರು ಡಿಸ್ಕ್ ಕೂರುತ್ತೆ, ಮುಂದೆ ಧೂಳಿನ ಜಾಲರಿ ಇದೆ, ಮಾಮೂಲಿ ಎಟಿಎಕ್ಸ್ ಪವರ್ ಸಪ್ಲೈ ಹಿಡಿಸುತ್ತೆ, ಉದ್ದ 16 ಸೆಂಟಿಮೀಟರ್ ಮೀರದಿದ್ರೆ ಸರಿ. ಕಪಾಟಿನ ಹಿಂದಿನ ಪ್ಲೈವುಡ್‌ಗೆ ಬಡಗಿ ಕೈಲಿ ದೊಡ್ಡ ತೂತು ಹೊಡೆಸಿ. ಏಪ್ರಿಲ್‌ನಲ್ಲೂ ಡಿಸ್ಕಿನ ಬಿಸಿ 45 ಡಿಗ್ರಿ ದಾಟಬಾರದು.

ಇನ್ನೊಂದು ಮಾತು ಖಾರ ಅನ್ನಿಸಬಹುದು. ಮಿರರ್ ಅಂದ್ರೆ ಬ್ಯಾಕಪ್ ಅಲ್ಲ. ನೀವು ತಪ್ಪಿ ಒಂದು ಫೋಲ್ಡರ್ ಅಳಿಸಿದ್ರೆ ಎರಡು ಡಿಸ್ಕಲ್ಲೂ ಅದೇ ಕ್ಷಣ ಹೋಗುತ್ತೆ.

ಆಲ್ಬಮ್ ಅಕ್ಕ, ತಿಪಟೂರು

ಮೇಷ್ಟ್ರೇ, ಖಾರ ಏನಿಲ್ಲ, ಇಂಥದ್ದನ್ನೇ ಕೇಳಿದ್ದು. ಬ್ಯಾಕಪ್ಪಿಗೆ ಮೂರನೇ 8 ಟಿಬಿ ಡಿಸ್ಕ್ ತಂದು ಗುಬ್ಬೀಲಿ ನಮ್ಮ ತವರುಮನೇಲಿಡ್ತೀನಿ. ಹೆಂಗೂ ಹಬ್ಬ ಹುಣ್ಣಿಮೆ ಅಂತ ಹೋಗ್ತಾ ಇರ್ತೀನಲ್ಲ, ಹೋದಾಗ ತಂದು ಹೊಸದು ತುಂಬಿಸಿ ಮುಂದಿನ ಸಲ ವಾಪಸ್. ನಮ್ಮಮ್ಮನ ಟ್ರಂಕಿಗಿಂತ ಭದ್ರ ಜಾಗ ಈ ಜಿಲ್ಲೇಲಿಲ್ಲ.

ಜಾಗ ಸಾಲಲ್ಲ ಅಂದ್ರಲ್ಲ, ಅದಕ್ಕೊಂದು ನಿಯಮ ಮಾಡ್ಕೊಂಡಿದೀನಿ. ಆಲ್ಬಮ್ ಕೊಟ್ಟು, ಬಾಕಿ ಹಣ ಬಂದು, ಒಂದು ವರ್ಷ ಕಳೆದ್ರೆ ಆಯ್ಕೆಯಾಗದ ರಾ ಫೈಲೂ, ಬಳಸದ ಕ್ಲಿಪ್ಪೂ ಡಿಲೀಟ್. ಊಟದ ಸಾಲಿನಲ್ಲಿ ಕಣ್ಣು ಮುಚ್ಚಿದ ಮಾವಂದಿರ ಫೋಟೊ ಇಟ್ಕೊಂಡು ಪೂಜೆ ಮಾಡ್ಬೇಕಾ? ನಮ್ಮನೆಯವರಿಗೆ ಇದು ಕರುಳು ಕಿತ್ತ ಹಾಗಾಗುತ್ತೆ, ಅದು ಬೇರೆ ವಿಷಯ.

ಕರೆಂಟಿನದು ಹೇಳಿ. ಮನೆ ಮೀಟರ್ ಗೃಹಜ್ಯೋತೀಲಿದೆ. 2022-23ರ ಸರಾಸರಿಗೆ ಶೇ 10 ಸೇರಿಸಿ ಕೊಟ್ಟಿರೋ ಮಿತಿ. ಅದನ್ನ ದಾಟಿದಷ್ಟಕ್ಕೆ ದುಡ್ಡು, 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ಲು. ದಿನವಿಡೀ ಆನ್ ಇದ್ರೆ ಎಷ್ಟಾಗುತ್ತೆ? ಇನ್ವರ್ಟರ್ ಇದೆ, ಅದು ಸಾಕಾ? ತಪ್ಪನ್ನ ತಾನೇ ತಿದ್ದಿಕೊಳ್ಳೋ ಇಸಿಸಿ ರ್‍ಯಾಮ್ ಇಲ್ಲದೆ ಜೆಡ್‌ಎಫ್‌ಎಸ್ ಅನ್ನೋ ಫೈಲ್ ವ್ಯವಸ್ಥೆ ಹಾಕಿದ್ರೆ ಪಾಪ ಬರುತ್ತೆ ಅನ್ನೋ ಥರ ಕೆಲವರು ಬರೀತಾರೆ, ಅದು ನಿಜಾನಾ?

ಬಂಗಾರಪೇಟೆ ಲೋಕಲ್

ಮೇಡಂ, ನಾನು ರೆಡಿಮೇಡ್ ಪರ. ಬೈಕೊಳ್ಳಿ ಪರವಾಗಿಲ್ಲ. ನೀವು ತವರಿಗೆ ಹೋದ ದಿನ ಕಸ್ಟಮರ್ ಬಾಗಿಲಿಗೆ ಬಂದು ಫೈಲ್ ಕೇಳ್ತಾರೆ ಅಂತಿಟ್ಕೊಳ್ಳಿ. ಸರ್ವರ್ ಕೈಕೊಟ್ಟಿದೆ. ಯಜಮಾನರು ಏನು ಮಾಡ್ತಾರೆ? ಸಿನಾಲಜಿ ಕಂಪನಿಯ ರೆಡಿಮೇಡ್ ಪೆಟ್ಟಿಗೆ ಥರದ್ದಾದ್ರೆ ಫೋನಿನ ಆ್ಯಪಲ್ಲಿ ನೋಡಿ ಏನಾಗಿದೆ ಅಂತ ಹೇಳಬಲ್ರು. ನಾನಂತೂ ಮನೇಲಿ ಅದನ್ನೇ ಇಟ್ಟಿರೋದು, ನಮ್ಮಪ್ಪ ಕೂಡ ಅದರಲ್ಲಿ ಪಹಣಿ ಸ್ಕ್ಯಾನ್ ಹುಡುಕ್ತಾರೆ. ಕಟ್ಟೋ ಆಸೆ ಇದ್ರೆ ಕಟ್ಟಿ, ಆದ್ರೆ ಹೇಗೆ ಬಳಸೋದು ಅಂತ ಒಂದು ಹಾಳೇಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿ.

ಲ್ಯಾಬ್ ಮೇಷ್ಟ್ರು, ತುಮಕೂರು

ಬಂಗಾರಪೇಟೆಯವರ ಹಾಳೆ ವಿಚಾರ ಖಂಡಿತ ಮಾಡಿ.

ಕರೆಂಟು: ಎನ್100, ಎರಡು ಡಿಸ್ಕ್, ಫ್ಯಾನ್ ಎಲ್ಲ ಸೇರಿ 25 ವಾಟ್ ಅಂತಿಟ್ಕೊಂಡ್ರೆ ತಿಂಗಳಿಗೆ 18 ಯೂನಿಟ್. ನಾಲ್ಕು ಡಿಸ್ಕ್ ಆದ್ಮೇಲೆ 25 ಯೂನಿಟ್ ಹತ್ತಿರ. ನಿಮ್ಮದು ಹಳೇ ಫೈಲ್ ತೆಗೆದಿಡೋ ಜಾಗ, ದಿನವಿಡೀ ಓಡೋ ಆಫೀಸಲ್ಲ. ಒಂದು ಗಂಟೆ ಯಾರೂ ಮುಟ್ಟದಿದ್ರೆ ಡಿಸ್ಕ್ ನಿಲ್ಲೋ ಹಾಗೆ ಸೆಟ್ ಮಾಡಿ, ಅತ್ತೆಯವರ ನಿದ್ದೆಗೂ ಅನುಕೂಲ.

ಇನ್ವರ್ಟರ್ ಬೆನ್ನಲ್ಲೋ ಪಕ್ಕದಲ್ಲೋ ಯುಪಿಎಸ್, ಇಕೊ ಅಂತ ಒಂದು ಸ್ವಿಚ್ ಇರುತ್ತೆ ನೋಡಿ. ಕಂಪ್ಯೂಟರ್ ಪವರ್ ಸಪ್ಲೈ ಕರೆಂಟಿಲ್ಲದೆ ತಡೆಯೋದು ಹೆಚ್ಚುಕಮ್ಮಿ 16 ಮಿಲಿಸೆಕೆಂಡ್. ಇಕೊದಲ್ಲಿ ಇನ್ವರ್ಟರ್ ಬದಲಾಗೋಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತೆ, ಫ್ಯಾನಿಗೆ ಗೊತ್ತಾಗಲ್ಲ, ಸರ್ವರ್ ರೀಸ್ಟಾರ್ಟ್ ಆಗುತ್ತೆ. ಸ್ವಿಚ್ ಯುಪಿಎಸ್ ಕಡೆ ಇರಲಿ. ನಿಮ್ಮದು ಸೈನ್‌ವೇವ್ ಇನ್ವರ್ಟರ್ ಆಗಿದ್ರೆ ಅದರ ಲೈನಿಗೇ 600 ವಿಎ ಯುಪಿಎಸ್ ಒಂದು ಹಾಕಿ, ಯುಎಸ್‌ಬಿ ಕೇಬಲ್ ಇರೋ ಮಾದರಿ. ಯಾಕೆ ಎರಡು ಅಂತೀರಾ? ಇನ್ವರ್ಟರ್ ತನ್ನ ಬ್ಯಾಟರಿ ಇಳೀತು ಅಂತ ಸರ್ವರ್‌ಗೆ ಹೇಳಲ್ಲ, ಸುಮ್ನೆ ಆರಿಹೋಗುತ್ತೆ. ಹೀಗೆ ಹಾಕಿದ್ರೆ ಇನ್ವರ್ಟರ್ ಕೈಚೆಲ್ಲಿದಾಗ ಮಾತ್ರ ಯುಪಿಎಸ್ ಏಳುತ್ತೆ, ಸರ್ವರ್‌ಗೆ ಸುದ್ದಿ ಮುಟ್ಟಿಸುತ್ತೆ, ಅದು ತಾನಾಗೇ ಶಟ್‌ಡೌನ್ ಆಗುತ್ತೆ. ಎನ್‌ಯುಟಿ ಅನ್ನೋ ಸಾಫ್ಟ್‌ವೇರ್ ಇರೋದೇ ಇದಕ್ಕೆ.

ಇಸಿಸಿ ಇದ್ರೆ ಒಳ್ಳೇದು, ಇಲ್ದಿದ್ರೆ ಪಾಪ ಏನೂ ಬರಲ್ಲ. ಆ ದುಡ್ಡಿಗೆ ಗುಬ್ಬಿ ಟ್ರಂಕಿನ ಡಿಸ್ಕ್ ಬರುತ್ತಲ್ಲ, ನಾನಾದ್ರೆ ಅದನ್ನೇ ತಗೋತೀನಿ. 16 ಜಿಬಿ ಮಾಮೂಲಿ ರ್‍ಯಾಮ್ ಒಂದೇ ಕಡ್ಡಿ ತನ್ನಿ, ಎನ್100 ನಡೆಸೋದೇ ಒಂದು ಚಾನೆಲ್. ಜೆಡ್‌ಎಫ್‌ಎಸ್ ಬಳಸೋ ಸರ್ವರ್ ಸಾಫ್ಟ್‌ವೇರ್ ಟ್ರೂನ್ಯಾಸ್ ಹಾಕ್ಕೊಳ್ಳಿ, ತಿಂಗಳಿಗೊಂದು ಸ್ಕ್ರಬ್ ಓಡಿಸಿ. ಅದು ಎರಡೂ ಡಿಸ್ಕಿನ ಫೈಲನ್ನ ಚೆಕ್‌ಸಮ್ (ಬರೆಯುವಾಗಲೇ ಹಾಕಿಟ್ಟ ತಾಳೆ ಅಂಕಿ) ಜೊತೆ ಹೋಲಿಸಿ, ಕೆಟ್ಟಿರೋ ತುಣುಕನ್ನ ಇನ್ನೊಂದರಿಂದ ಸರಿ ಮಾಡುತ್ತೆ.

ಕೊನೇದು, ನೆಟ್‌ವರ್ಕ್. ಫೈಬರ್‌ನವರು ಕೊಟ್ಟ ರೂಟರ್‌ನ ಪೋರ್ಟ್ 100 ಎಂಬಿಪಿಎಸ್ ಆಗಿದ್ರೆ 350 ಜಿಬಿ ಮದುವೆ ಸಾಗೋಕೆ 9 ಗಂಟೆ. ಒಂದು ಗಿಗಾಬಿಟ್ ಸ್ವಿಚ್ ತಂದು ನಿಮ್ಮ ಪಿಸಿ, ಸರ್ವರ್ ಎರಡನ್ನೂ ಅದಕ್ಕೇ ಸಿಕ್ಕಿಸಿ, ಅದೇ ಕೆಲಸ ಒಂದು ಗಂಟೆಯೊಳಗೆ ಮುಗಿಯುತ್ತೆ.

ಆಲ್ಬಮ್ ಅಕ್ಕ, ತಿಪಟೂರು

ರೂಟರ್ ಹಿಂದೆ ಟಾರ್ಚ್ ಹಿಡ್ದು ನೋಡ್ದೆ. ಹಳದಿ ಪೋರ್ಟ್ ಒಂದೇ ಗಿಗಾಬಿಟ್ಟು, ಮಿಕ್ಕಿದ್ದೆಲ್ಲ 100. ಸ್ವಿಚ್ ಪಟ್ಟಿಗೆ ಸೇರ್ತು. ಇನ್ವರ್ಟರ್ ಸ್ವಿಚ್ ಇಕೊ ಕಡೆ ಇತ್ತು, ತಿರುಗಿಸಿದೆ. ಸೈನ್‌ವೇವೇ ಅಂತ ಅದರ ಮೈಮೇಲೇ ಬರೆದಿದೆ.

ಎನ್100ಗೇ ಹೋಗ್ತೀನಿ, ಎಎಸ್‌ಎಂ1166 ಇರೋ ಬೋರ್ಡು, ನೋಡ್ 304. ಐರನ್‌ವುಲ್ಫ್ 8 ಟಿಬಿ ಎರಡು ಅಂಗಡೀಲಿ ಒಂದೊಂದು, ಟ್ರಂಕಿನ ಡಿಸ್ಕು ಮೂರನೇ ಕಡೆ. ಎಡಿಟಿಂಗ್ ನಡೀತಿರೋ ಮದುವೆ ನನ್ನ ಪಿಸಿಯ ಎಸ್‌ಎಸ್‌ಡಿಯಲ್ಲೇ ಇರುತ್ತೆ, ಮುಗಿದದ್ದು ಮಾತ್ರ ಸರ್ವರ್‌ಗೆ, ಹಾಗಾಗಿ 2.5 ಗಿಗಾಬಿಟ್ ನೆಟ್‌ವರ್ಕಿನ ಆಸೆ ಬಿಟ್ಟೆ. ಬಂಗಾರಪೇಟೆಯವರೇ, ಹಾಳೆ ಬರೆದಾಯ್ತು. ನಮ್ಮನೆಯವರು ಓದಿ "ಇಷ್ಟೇನಾ?" ಅಂದ್ರು, ನೋಡೋಣ.

ಬೆಳಗಿನ ಟ್ರೈನಿಗೆ ಬೆಂಗಳೂರಿಗೆ ಹೋಗಿ ಎಲ್ಲ ತರ್ತೀನಿ. ತಂದ ತಕ್ಷಣ ಡೇಟಾ ತುಂಬಲೋ, ಮೊದಲು ಡಿಸ್ಕ್ ಟೆಸ್ಟ್ ಮಾಡ್ಬೇಕೋ?

ಲ್ಯಾಬ್ ಮೇಷ್ಟ್ರು, ತುಮಕೂರು

ಮೊದಲು ಟೆಸ್ಟ್. ಡಿಸ್ಕ್ ತನ್ನನ್ನ ತಾನೇ ಪರೀಕ್ಷಿಸಿಕೊಳ್ಳೋ ಸ್ಮಾರ್ಟ್ ಎಕ್ಸ್‌ಟೆಂಡೆಡ್ ಟೆಸ್ಟ್ ರಾತ್ರಿ ಹಚ್ಚಿ ಮಲಗಿ, 8 ಟಿಬಿಗೆ ಹನ್ನೆರಡು ಹದಿನಾಲ್ಕು ಗಂಟೆ ಹಿಡಿಯುತ್ತೆ. ರಿಪೋರ್ಟಲ್ಲಿ ಕೆಟ್ಟ ಜಾಗದ ಲೆಕ್ಕ ಹೇಳೋ 5, 197, 198 ಈ ಮೂರು ಸಾಲಿನ ಕೊನೇ ಅಂಕಿ ಸೊನ್ನೆ ಇರ್ಬೇಕು. ಒಂದರಲ್ಲಾದ್ರೂ ಬೇರೆ ಅಂಕಿ ಕಂಡ್ರೆ ಬಿಲ್ ಸಮೇತ ಆ ವಾರವೇ ಅಂಗಡಿಗೆ ವಾಪಸ್. ಸೀರಿಯಲ್ ನಂಬರಿಗೆ ಭಾರತದ ವಾರಂಟಿ ಇದೆಯಾ ಅಂತ ಮಾತ್ರ ದುಡ್ಡು ಕೊಡೋ ಮುಂಚೆ, ಅಂಗಡಿ ಕೌಂಟರಿನಲ್ಲೇ ಫೋನ್ ತೆಗೆದು ಕಂಪನಿ ವೆಬ್‌ಸೈಟಲ್ಲಿ ನೋಡ್ಕೊಳ್ಳಿ.