ಉಪ್ಪು ಉಣಿಸಿದ ಸಸಿಯ ಎಲೆಯಲ್ಲಿ ರಂಜಕ ಏರಿದ್ದು ಯಾಕೆ?

ಮರಳುಕುಂಡ:
ಪೊದೆಗಿಡದ ಎರಡು ತಿಂಗಳ ಸಸಿಗಳು, ಮರಳು ತುಂಬಿದ ಕುಂಡ, ಅರ್ಧ ಸಾಂದ್ರತೆಯ ಹೋಗ್ಲೆಂಡ್ ದ್ರಾವಣ (ಗಿಡಕ್ಕೆ ಬೇಕಾದ ಪೋಷಕಾಂಶ ಕರಗಿಸಿದ ನೀರು). ಅದರಲ್ಲಿ ಸೋಡಿಯಂ ಕ್ಲೋರೈಡ್ 0, 50, 100 ಮಿಲಿಮೋಲಾರ್. ನಾಲ್ಕು ವಾರಕ್ಕೆ 100ರ ಎಲೆಗಳಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ ಇಳಿದಿವೆ. ಒಣತೂಕದ ಪ್ರತಿ ಗ್ರಾಂಗೆ ರಂಜಕ ಮಾತ್ರ ಏರಿದೆ. ಉಪ್ಪಿನಿಂದ ರಂಜಕದ ಹೀರಿಕೆ ಹೆಚ್ಚುತ್ತದೆಯೇ? ಬೇರಿನ ಸೋಡಿಯಂ ಅಂಕಿಗಳೂ ಸಸಿಯಿಂದ ಸಸಿಗೆ ಹೊಂದುತ್ತಿಲ್ಲ.

ಎಲೆನರ:
ಮೊದಲು ಸಾಂದ್ರತೆಯನ್ನು ಒಣತೂಕದಿಂದ ಗುಣಿಸಿ. 2 ಗ್ರಾಂ ಎಲೆಯಲ್ಲಿ ಗ್ರಾಂಗೆ 2 ಮಿಲಿಗ್ರಾಂ ಇದ್ದರೆ ಒಟ್ಟು 4. ಉಪ್ಪಿನಲ್ಲಿ ಎಲೆ 1.2 ಗ್ರಾಂಗೆ ಕುಗ್ಗಿ, ಗ್ರಾಂಗೆ 2.5 ಆದರೆ ಒಟ್ಟು 3 ಮಾತ್ರ. ಹೀರಿಕೆ ಇಳಿದಿದೆ, ಬೆಳವಣಿಗೆ ಅದಕ್ಕಿಂತ ಹೆಚ್ಚು ಇಳಿದಿದೆ, ಅಷ್ಟೇ. ಈ ಲೆಕ್ಕ ಹಾಕದೆ "ಹೀರಿಕೆ ಹೆಚ್ಚಿತು" ಎಂದು ಬರೆಯುವವರೇ ಜಾಸ್ತಿ.

ಪೊಟ್ಯಾಸಿಯಂ ಕಥೆ ಬೇರೆ. ಸೋಡಿಯಂ ಒಳನುಗ್ಗಿದಾಗ ಬೇರುಕೋಶದ ಪೊರೆಯ ವಿದ್ಯುತ್ ವಿಭವ (ಪೊರೆಯ ಒಳಹೊರಗಿನ ವಿದ್ಯುತ್ ವ್ಯತ್ಯಾಸ) ಕುಸಿದು, ಒಳಗಿದ್ದ ಪೊಟ್ಯಾಸಿಯಂ ಹೊರಸೋರುತ್ತದೆ. ಪೊರೆಗೆ ಅಂಟಿದ ಕ್ಯಾಲ್ಸಿಯಂ ಅನ್ನೂ ಸೋಡಿಯಂ ಕಿತ್ತುಹಾಕುವುದರಿಂದ ಸೋರಿಕೆ ಇನ್ನಷ್ಟಾಗುತ್ತದೆ. ನಿಮ್ಮ ದ್ರಾವಣದ ಕ್ಯಾಲ್ಸಿಯಂ 2–2.5 ಮಿಲಿಮೋಲಾರ್ ಮಾತ್ರ. 100 ಸೋಡಿಯಂ ಎದುರು ಅದು ಏನೂ ಸಾಲದು. 5 ಮಿಲಿಮೋಲಾರ್ ಜಿಪ್ಸಂ (ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಲೀಟರಿಗೆ 0.86 ಗ್ರಾಂ) ಸೇರಿಸಿದ ಇನ್ನೊಂದು ಗುಂಪು ಇಡಿ. ಪೊಟ್ಯಾಸಿಯಂ ಚೇತರಿಸಿಕೊಂಡರೆ ಕಾರಣ ಹೆಚ್ಚುಕಡಿಮೆ ಸಿಕ್ಕಿದಂತೆ.

ಬೇರುತುದಿ:
ಬೇರಿನ ಅಂಕಿ ಕುಣಿಯುವುದು ತೊಳೆಯುವ ರೀತಿಯಿಂದ. ಬರೀ ಡಿಸ್ಟಿಲ್ಡ್ ನೀರಿನಲ್ಲಿ ಬಹಳ ಹೊತ್ತು ಇಟ್ಟರೆ ಒಳಗಿನದೂ ಸೋರುತ್ತದೆ. ತೊಳೆಯದಿದ್ದರೆ ಕೋಶಭಿತ್ತಿಯ ಸೋಡಿಯಂ ಲೆಕ್ಕಕ್ಕೆ ಸೇರುತ್ತದೆ. ತಣ್ಣಗಿನ 10 ಮಿಲಿಮೋಲಾರ್ ಕ್ಯಾಲ್ಸಿಯಂ ಸಲ್ಫೇಟ್‌ನಲ್ಲಿ ಎಲ್ಲ ಸಸಿಗಳಿಗೂ ಒಂದೇ ಅವಧಿ, ಕೆಲವೇ ನಿಮಿಷ ಅದ್ದಿ, ಒತ್ತಿ ಒರೆಸಿ, 70 ಡಿಗ್ರಿಯಲ್ಲಿ 48 ಗಂಟೆ ಒಣಗಿಸಿ. ಹೀಗೆ ತೊಳೆದ ಬೇರಿನ ಕ್ಯಾಲ್ಸಿಯಂ ಅಂಕಿಯನ್ನು ನಂಬಬೇಡಿ, ಅದಕ್ಕೆ ಬೇರೆ ಸಸಿ ತೆಗೆದಿಡಿ.

ಎಲೆಯ ಮೇಲೆ ಉಪ್ಪಿನ ಗುಳ್ಳೆಗಳಿರುವ ಅಟ್ರಿಪ್ಲೆಕ್ಸ್‌ನಂಥ ಪೊದೆಯಾದರೆ ಎಲೆಯನ್ನು ಉಜ್ಜಿ ತೊಳೆಯಲೇಬೇಡಿ. ಗುಳ್ಳೆ ಒಡೆದರೆ ಸೋಡಿಯಂ ನೀರುಪಾಲು.

ಮರಳುಕುಂಡ:
ಉಳಿದ ಧಾತುಗಳನ್ನು ಅಳೆಯಲು ಒಣಗಿದ ಪುಡಿಯನ್ನು ಬಿಸಿ ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತೇನೆ. ಕ್ಲೋರೈಡನ್ನೂ ಅದೇ ದ್ರಾವಣದಲ್ಲಿ ಅಳೆಯಬಹುದೇ?

ಬೇರುತುದಿ:
ಬೇಡ. ಬಿಸಿ ಆಮ್ಲದಲ್ಲಿ ಕ್ಲೋರಿನ್ ಆವಿಯಾಗಿ ಹೋಗುತ್ತದೆ. ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿ, ಸಿಲ್ವರ್ ನೈಟ್ರೇಟ್‌ನಿಂದ ಟೈಟ್ರೇಟ್ ಮಾಡಿ (ಹನಿಹನಿಯಾಗಿ ಸೇರಿಸಿ, ಎಷ್ಟು ಬೇಕಾಯಿತೆಂದು ಅಳೆಯಿರಿ).

ಎಲೆನರ:
100 ಅನ್ನು ಒಂದೇ ದಿನ ಸುರಿದಿದ್ದರೆ ಮೊದಲು ಕಂಡದ್ದು ಬೇರು ನೀರು ಹೀರಲಾಗದ ಆಘಾತ. ದಿನಕ್ಕೆ 25ರಂತೆ ಏರಿಸಿ. ಕುಂಡದ ಕೆಳಗೆ ಬಸಿದ ನೀರಿನ ವಿದ್ಯುದ್ವಾಹಕತೆಯನ್ನೂ (ಉಪ್ಪು ಹೆಚ್ಚಿದಷ್ಟೂ ಇದು ಏರುತ್ತದೆ) ಅಳೆಯಿರಿ. 100 ಮಿಲಿಮೋಲಾರ್‌ಗೆ ಮೀಟರಿಗೆ ಸುಮಾರು 10 ಡೆಸಿಸೀಮನ್ಸ್, ಅದರ ಮೇಲೆ ಪೋಷಕಾಂಶಗಳದ್ದು ಒಂದಿಷ್ಟು. 15 ದಾಟಿದ್ದರೆ ಆವಿಯಿಂದ ಉಪ್ಪು ಕಟ್ಟಿದೆ, ನಿಮ್ಮ 100 ಈಗ 100 ಅಲ್ಲ.