ಕಡಿಮೆ ಖರ್ಚಿನಲ್ಲಿ ಮರದ ಫೀಲ್ಡ್ ಕ್ಯಾಮೆರಾ: ಯಾವುದನ್ನು ಕೊಳ್ಳಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕ. 35 ಮಿ.ಮೀ. ಫಿಲ್ಮ್‌ನಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆದು ಮನೆಯಲ್ಲೇ ಸಂಸ್ಕರಿಸುವ ಅಭ್ಯಾಸವಿದೆ. ಈಗ 4×5 ಇಂಚಿನ ಶೀಟ್ ಫಿಲ್ಮ್‌ಗೆ (ಬಿಡಿ ಹಾಳೆಯಾಗಿ ಬರುವ ಫಿಲ್ಮ್) ಹೋಗಬೇಕೆಂದಿದ್ದೇನೆ; ಅದಕ್ಕೆ ಮಡಚಿ ಒಯ್ಯಬಲ್ಲ ಮರದ ಫೀಲ್ಡ್ ಕ್ಯಾಮೆರಾ ಬೇಕು. ಮುಖ್ಯವಾಗಿ ಹೊಯ್ಸಳ ದೇವಾಲಯಗಳನ್ನು, ಅವಕಾಶವಾದಾಗ ಮಲೆನಾಡಿನ ದೃಶ್ಯಗಳನ್ನು ತೆಗೆಯುವ ಉದ್ದೇಶ. ಕ್ಯಾಮೆರಾ, ಲೆನ್ಸ್, ಹೋಲ್ಡರ್ ಎಲ್ಲ ಸೇರಿ ಒಂದು ಲಕ್ಷ ರೂಪಾಯಿ ಮೀರುವಂತಿಲ್ಲ. ಪರಿಚಯದ ಹಳೆಯ ಸ್ಟುಡಿಯೊದವರು ತೇಗ ಮತ್ತು ಹಿತ್ತಾಳೆಯ ಹಾಫ್ ಪ್ಲೇಟ್ ಕ್ಯಾಮೆರಾ ಒಂದನ್ನು ಹದಿನೈದು ಸಾವಿರಕ್ಕೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಅದನ್ನೇ ತೆಗೆದುಕೊಳ್ಳಲೇ, ಹೊಸ ಇಂಟ್ರೆಪಿಡ್ ತರಿಸಲೇ, ಅಥವಾ ಜಪಾನಿನ ಹಳೆಯ ತಚಿಹಾರಾ ಹುಡುಕಲೇ?

ಉತ್ತರ: ನಮಸ್ಕಾರ ಮೇಷ್ಟ್ರೇ. ಮರ ಯಾವುದು, ಹಿತ್ತಾಳೆಗೆ ಎಷ್ಟು ಹೊಳಪಿದೆ ಎಂಬುದನ್ನು ನೋಡುವ ಮೊದಲು ಕ್ಯಾಮೆರಾದ ಎರಡು ತುದಿಗಳನ್ನು ನೋಡಿ. ಹಿಂಬದಿಯಲ್ಲಿ ಇಂದು ಎಲ್ಲೆಡೆ ಸಿಗುವ 4×5 ಫಿಲ್ಮ್ ಹೋಲ್ಡರ್ (ಬೆಳಕು ತಾಗದಂತೆ ಫಿಲ್ಮ್ ಹಾಳೆಯನ್ನು ಹಿಡಿದಿಡುವ ಚಪ್ಪಟೆ ಪೆಟ್ಟಿಗೆ) ಕೂರಬೇಕು, ಮುಂಬದಿಯಲ್ಲಿ ಲಿನ್‌ಹಾಫ್ ಟೆಕ್ನಿಕಾ ಅಳತೆಯ ಲೆನ್ಸ್ ಬೋರ್ಡ್ (ಲೆನ್ಸನ್ನು ಸಿಕ್ಕಿಸುವ ಹಲಗೆ) ಕೂರಬೇಕು. ಇವೆರಡೂ ಸರಿಯಿದ್ದರೆ ಉಳಿದ ಕೊರತೆಗಳೊಂದಿಗೆ ಹೇಗೋ ಹೊಂದಿಕೊಳ್ಳಬಹುದು. ಸರಿಯಿಲ್ಲದಿದ್ದರೆ ಅಗ್ಗಕ್ಕೆ ಸಿಕ್ಕ ಕ್ಯಾಮೆರಾ ಒಂದೊಂದು ಬಿಡಿಭಾಗಕ್ಕೂ ನಿಮ್ಮನ್ನು ಊರೂರು ಅಲೆಸುತ್ತದೆ.

ಸ್ಟುಡಿಯೊದ ಕ್ಯಾಮೆರಾ ಈ ಪರೀಕ್ಷೆಯಲ್ಲಿಯೇ ಸೋಲುತ್ತದೆ. ಹಾಫ್ ಪ್ಲೇಟ್ ಎಂದರೆ 4¾×6½ ಇಂಚು. ಅದರ ಹೋಲ್ಡರ್‌ಗಳು ಗಾಜಿನ ಪ್ಲೇಟಿಗಾಗಿ ಮಾಡಿದವು, ಫಿಲ್ಮ್ ಹಾಕಬೇಕಾದರೆ ತಗಡಿನ ಒಳಹಾಳೆ ಬೇಕು, ಮೇಲಾಗಿ ಒಂದು ಕ್ಯಾಮೆರಾದ ಹೋಲ್ಡರ್ ಇನ್ನೊಂದಕ್ಕೆ ಹೊಂದುವ ಭರವಸೆಯಿಲ್ಲ. ಆ ಅಳತೆಯ ಫಿಲ್ಮನ್ನು ಇಲ್ಫೋರ್ಡ್ ಕಂಪನಿ ವರ್ಷಕ್ಕೊಮ್ಮೆ ಮುಂಗಡ ಬೇಡಿಕೆ ಪಡೆದು ತಯಾರಿಸಿಕೊಡುತ್ತದೆ. ಕಲಿಯುವ ಹಂತದಲ್ಲಿ ಅದಕ್ಕಾಗಿ ಕಾಯುತ್ತ ಕೂರುವುದು ಕಷ್ಟ. ಇಂಥ ಕ್ಯಾಮೆರಾಗಳ ಲೆನ್ಸ್‌ಗಳಲ್ಲಿ ಹೆಚ್ಚಿನವಕ್ಕೆ ಶಟರ್ ಕೂಡ ಇರುವುದಿಲ್ಲ, ಮುಚ್ಚಳ ತೆಗೆದು ಹಾಕಿಯೇ ಎಕ್ಸ್‌ಪೋಷರ್ ಕೊಡಬೇಕು. ಹಾಗೆಂದು ಅವುಗಳ ಬಗ್ಗೆ ನನಗೆ ತಾತ್ಸಾರವಿಲ್ಲ. ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾದ ಮರಗೆಲಸವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಇಂದಿನ ಪ್ಲೈವುಡ್ ಕ್ಯಾಮೆರಾಗಳು ಸಪ್ಪೆಯಾಗಿಯೇ ಕಾಣುತ್ತವೆ. ನುರಿತ ಬಡಗಿಯೊಬ್ಬರು ಸಿಕ್ಕರೆ ಅಂಥದ್ದಕ್ಕೆ 4×5 ಬ್ಯಾಕ್ (ಹೋಲ್ಡರ್ ಕೂರುವ ಹಿಂಬದಿಯ ಚೌಕಟ್ಟು) ಕೂರಿಸಿಕೊಳ್ಳುವುದೂ ಸಾಧ್ಯ. ಆದರೆ ಅದು ಎರಡನೆಯ ಕ್ಯಾಮೆರಾ ಆಗಬಹುದೇ ಹೊರತು ಮೊದಲನೆಯದಲ್ಲ.

ಇಂಟ್ರೆಪಿಡ್ ಕಂಪನಿ 2014ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಶುರುವಾದದ್ದೇ ಈ ಬಗೆಯ ಕ್ಯಾಮೆರಾವನ್ನು ಕಡಿಮೆ ಬೆಲೆಗೆ ಕೊಡುವುದಕ್ಕಾಗಿ. ಬರ್ಚ್ ಮರದ ಪ್ಲೈವುಡ್ಡಿನಿಂದ ಮಾಡಿದ ಅದರ 4×5 ಮಾದರಿ ಸುಮಾರು 1.2 ಕೆ.ಜಿ. ತೂಗುತ್ತದೆ, ಮೇಲೆ ಹೇಳಿದ ಎರಡೂ ಅಳತೆಗಳಿಗೆ ಹೊಂದುತ್ತದೆ. ಅದರ ದೋಷವೂ ಹಗುರತನದಿಂದಲೇ ಬಂದದ್ದು: ಗಾಳಿಗೆ ಅಲುಗುತ್ತದೆ, ಹೋಲ್ಡರ್ ತುರುಕುವ ರಭಸಕ್ಕೆ ಬ್ಯಾಕ್ ಸ್ವಲ್ಪ ಸರಿದು ಫೋಕಸ್ ತಪ್ಪುತ್ತದೆ. ಆದ್ದರಿಂದ ಎಲ್ಲ ತಿರುಪುಗಳನ್ನೂ ಬಿಗಿ ಮಾಡಿದ ಮೇಲೆ, ಎಡಗೈಯಿಂದ ಬ್ಯಾಕಿನ ಚೌಕಟ್ಟನ್ನು ಹಿಡಿದು, ಸ್ಪ್ರಿಂಗನ್ನು ಹಿಂದಕ್ಕೆಳೆದು, ಹೋಲ್ಡರಿನ ಏಣು ಬ್ಯಾಕಿನ ತೋಡಿನಲ್ಲಿ ಕುಳಿತ ಅನುಭವ ಬೆರಳಿಗೆ ಆಗುವವರೆಗೆ ನಿಧಾನವಾಗಿ ಜಾರಿಸಬೇಕು. ಇದು ಕೆಲವೇ ದಿನಗಳಲ್ಲಿ ಕೈಗೆ ರೂಢಿಯಾಗುತ್ತದೆ.

ಚೀನಾದ ಶೆನ್ ಹಾವೊ ಇದಕ್ಕಿಂತ ಗಟ್ಟಿಮುಟ್ಟು, ಆದರೆ ಭಾರ. ಅಲ್ಲಿಯದೇ ಇನ್ನೊಂದು ಕ್ಯಾಮೆರಾ ಶಮೊನಿ ಈ ಮೂರರಲ್ಲಿ ಅತ್ಯುತ್ತಮ, ಆದರೆ ನೀವು ಹೇಳಿದ ಮೊತ್ತದಲ್ಲಿ ಅದನ್ನು ಕೊಂಡರೆ ಲೆನ್ಸ್‌ಗೆ ಹಣ ಉಳಿಯುವುದಿಲ್ಲ. ಚೆರಿ ಮರದ ತಚಿಹಾರಾ ಒಳ್ಳೆಯ ಸ್ಥಿತಿಯಲ್ಲಿ, ಪರೀಕ್ಷಿಸಿ ನೋಡುವ ಅವಕಾಶದೊಂದಿಗೆ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಸಿಗದಿದ್ದರೆ ಇಂಟ್ರೆಪಿಡ್. ಯಾವುದೇ ಆಗಲಿ, ಒಟ್ಟು ಹಣದ ಅರ್ಧಕ್ಕಿಂತ ಹೆಚ್ಚನ್ನು ಕ್ಯಾಮೆರಾಕ್ಕೇ ಸುರಿಯಬೇಡಿ, ಮತ್ತು ವಿದೇಶದಿಂದ ತರಿಸುವುದಾದರೆ ಸುಂಕ ಮತ್ತು ತೆರಿಗೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ತುಂಬ ಉಪಕಾರವಾಯಿತು ಸರ್. ಹಾಗಾದರೆ ದೇವಾಲಯಗಳಿಗೆ ಯಾವ ಲೆನ್ಸ್? 90 ಮಿ.ಮೀ. ಆಂಗ್ಯುಲಾನ್ ಒಂದು ಕಡಿಮೆ ಬೆಲೆಗೆ ಕಂಡಿತು.

ಉತ್ತರ: ಆ ಆಂಗ್ಯುಲಾನ್ ನಿಮ್ಮ ಕೆಲಸಕ್ಕೆ ಬೇಡ ಮೇಷ್ಟ್ರೇ. ಕಾರಣವನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಎತ್ತರದ ಕಟ್ಟಡವನ್ನು ತೆಗೆಯುವಾಗ ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದರೆ ಕಂಬಗಳೆಲ್ಲ ಒಳಕ್ಕೆ ವಾಲುತ್ತವೆ. ಕ್ಯಾಮೆರಾವನ್ನು ಸಮಮಟ್ಟದಲ್ಲಿಟ್ಟು ಲೆನ್ಸನ್ನು ಮಾತ್ರ ಮೇಲಕ್ಕೆ ಏರಿಸಿದರೆ ಕಂಬಗಳು ನೇರವಾಗಿಯೇ ಉಳಿದು ಶಿಖರವೂ ಚೌಕಟ್ಟಿನೊಳಗೆ ಬರುತ್ತದೆ. ಫೀಲ್ಡ್ ಕ್ಯಾಮೆರಾ ಕೊಳ್ಳುವುದರ ಅರ್ಧ ಪ್ರಯೋಜನ ಇದರಲ್ಲೇ ಇದೆ. ಆದರೆ ಏರಿಸಿದಾಗಲೂ ಫಿಲ್ಮಿನ ಮೂಲೆಗಳನ್ನು ಮುಟ್ಟುವಷ್ಟು ದೊಡ್ಡ ಬಿಂಬವೃತ್ತವನ್ನು (ಫಿಲ್ಮಿನ ಮೇಲೆ ಬೀಳುವ ದುಂಡನೆಯ ಬಿಂಬ) ಲೆನ್ಸ್ ಕೊಡಬೇಕು. 4×5 ಹೋಲ್ಡರಿನಲ್ಲಿ ನಿಜವಾಗಿ ಚಿತ್ರ ಮೂಡುವ ಜಾಗ ಸುಮಾರು 96×120 ಮಿ.ಮೀ.; ಅದರ ಕರ್ಣ ಸುಮಾರು 154 ಮಿ.ಮೀ. ಹಳೆಯ 90 ಮಿ.ಮೀ. ಎಫ್/6.8 ಆಂಗ್ಯುಲಾನ್ ಕೊಡುವ ವೃತ್ತವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಏರಿಸಲು ಏನೂ ಮಿಗುವುದಿಲ್ಲ, ಮೂಲೆಗಳು ಕಪ್ಪಾಗುತ್ತವೆ.

150 ಮಿ.ಮೀ. ಸಿಮ್ಮಾರ್-ಎಸ್ ಲೆನ್ಸಿಗೆ, ಕಿಂಡಿಯನ್ನು ಎಫ್/22ಕ್ಕೆ ಕಿರಿದಾಗಿಸಿದಾಗ, 210 ಮಿ.ಮೀ. ವೃತ್ತವಿದೆ. ಫಿಲ್ಮನ್ನು ಉದ್ದನಿಲ್ಲಿಸಿ ಲೆನ್ಸನ್ನು 25 ಮಿ.ಮೀ. ಏರಿಸಲು ಬೇಕಾಗುವುದು ಸುಮಾರು 195 ಮಿ.ಮೀ., ಆದ್ದರಿಂದ ಇನ್ನೂ ಸ್ವಲ್ಪ ಮಿಗುತ್ತದೆ. ಇಪ್ಪತ್ತು ಮೀಟರ್ ದೂರದಲ್ಲಿ ನಿಂತರೆ ಆ 25 ಮಿ.ಮೀ. ಏರಿಕೆ ನೋಟವನ್ನು ಸುಮಾರು 3.3 ಮೀಟರ್ ಮೇಲಕ್ಕೆ ಒಯ್ಯುತ್ತದೆ. ಸೋಮನಾಥಪುರದಂಥ, ಅಷ್ಟೇನೂ ಎತ್ತರವಲ್ಲದ ಗುಡಿಗಳಿಗೆ ಇದು ಧಾರಾಳ. ಹಾಗಾಗಿ ಮೊದಲ ಲೆನ್ಸ್ 150 ಆಗಲಿ. ಸಿಮ್ಮಾರ್, ಸಿರೋನಾರ್, ಫುಜಿನಾನ್, ನಿಕ್ಕೋರ್ ಯಾವುದಾದರೂ ಸರಿ, ಎಫ್/22ರಲ್ಲಿ ಇವುಗಳ ನಡುವಿನ ವ್ಯತ್ಯಾಸಕ್ಕಾಗಿ ತಲೆಕೆಡಿಸಿಕೊಳ್ಳಬೇಕಿಲ್ಲ. ನವರಂಗದೊಳಗಿನ ಇಕ್ಕಟ್ಟಿಗೆ ಮುಂದೆ ಯಾವಾಗಲಾದರೂ 90 ಬೇಕೆನಿಸಿದರೆ 216 ಮಿ.ಮೀ. ವೃತ್ತದ ಸೂಪರ್ ಆಂಗ್ಯುಲಾನ್ ಎಫ್/8 ನೋಡಿ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಪಡೆಯಬೇಕು ಎಂಬುದೂ ಗಮನದಲ್ಲಿರಲಿ. ಈ ಕ್ಯಾಮೆರಾದಲ್ಲಿ ಟ್ರೈಪಾಡ್ ಇಲ್ಲದೆ ಏನೂ ನಡೆಯುವುದಿಲ್ಲ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ಶೀಟ್ ಫಿಲ್ಮಿನ ಬೆಲೆ ನೋಡಿಯೇ ಹಿಂಜರಿಯುತ್ತಿದ್ದೇನೆ. ಎಕ್ಸ್-ರೇ ಫಿಲ್ಮ್ ಬಳಸಬಹುದು ಎನ್ನುತ್ತಾರೆ, ನಿಜವೇ?

ಉತ್ತರ: ನಿಜ. ಕಲಿಕೆಗೆ ಅದಕ್ಕಿಂತ ಅಗ್ಗದ ದಾರಿಯಿಲ್ಲ. ವೈದ್ಯಕೀಯ ಸಾಮಗ್ರಿ ಮಾರುವ ಅಂಗಡಿಗಳಲ್ಲಿ 8×10 ಇಂಚಿನ ಹಾಳೆಗಳನ್ನು ಕೇಳಿ ನೋಡಿ. ಒಂದನ್ನು ನಾಲ್ಕು ಮಾಡಬಹುದು. ಹೋಲ್ಡರಿಗೆ ಸೇರುವ ಫಿಲ್ಮ್ ಪೂರ್ತಿ 4×5 ಇಂಚು ಇರದೆ ತುಸು ಚಿಕ್ಕದಾಗಿರುವುದರಿಂದ ಅಂಚನ್ನು ಕೊಂಚ ಕತ್ತರಿಸಿಕೊಳ್ಳಬೇಕಾಗುತ್ತದೆ. ಹಸಿರು ಬೆಳಕಿಗೆ ಸ್ಪಂದಿಸುವ ಬಗೆಯದನ್ನು ಆರಿಸಿಕೊಂಡರೆ ಕೆಂಪು ದೀಪದಡಿ ಕತ್ತರಿಸಿ, ಡೆವಲಪ್ ಆಗುವುದನ್ನು ಕಣ್ಣಾರೆ ನೋಡಬಹುದು. ಹೆಚ್ಚಿನವಕ್ಕೆ ಎರಡೂ ಬದಿ ಲೇಪವಿರುವುದರಿಂದ ಒದ್ದೆಯಾದಾಗ ಬೇಗ ಗೀರು ಬೀಳುತ್ತದೆ. ಸಮತಟ್ಟಾದ ಟ್ರೇಯಲ್ಲಿ ಒಂದೊಂದೇ ಹಾಳೆಯನ್ನು ಸಂಸ್ಕರಿಸಿ. ಕೆಂಪನ್ನು ಅದು ಕಾಣುವುದಿಲ್ಲ, ಹಾಗಾಗಿ ಕೆಮ್ಮಣ್ಣಿನ ರಸ್ತೆ ಕಪ್ಪಾಗಿ ಬರುತ್ತದೆ, ನೀಲಿ ಆಕಾಶ ಬೆಳ್ಳಗಾಗುತ್ತದೆ.

ಪ್ರಶ್ನೆ: ಸರ್, ಬೆಂಗಳೂರಿನಲ್ಲೇ ಒಬ್ಬರ ಬಳಿ ತಚಿಹಾರಾ ಇದೆಯಂತೆ. ನೋಡಲು ಹೋದಾಗ ಏನೇನು ಪರೀಕ್ಷಿಸಲಿ?

ಉತ್ತರ: ಸಣ್ಣದೊಂದು ಟಾರ್ಚ್, ಒಂದು ಫಿಲ್ಮ್ ಹೋಲ್ಡರ್, ಅಳತೆಪಟ್ಟಿ ಜೊತೆಗಿರಲಿ. ಕೋಣೆಯನ್ನು ಕತ್ತಲೆ ಮಾಡಿಸಿ, ಬೆಲ್ಲೋಸನ್ನು (ಲೆನ್ಸ್ ಮತ್ತು ಬ್ಯಾಕಿನ ನಡುವಿನ ಮಡಿಕೆಗಳ ಚೀಲ) ಪೂರ್ತಿ ಎಳೆದು, ಒಳಗಿನಿಂದ ಟಾರ್ಚ್ ಬೆಳಕನ್ನು ಪ್ರತಿ ಮಡಿಕೆಯ ಮೂಲೆಗೂ ಹಾಯಿಸಿ. ಒಂದೆರಡು ಸೂಜಿಮೊನೆಯಷ್ಟು ತೂತುಗಳಿದ್ದರೆ ಕಪ್ಪು ಬಣ್ಣ ಹಚ್ಚಿ ಮುಚ್ಚಬಹುದು; ಮೂಲೆಗಳೆಲ್ಲ ನಕ್ಷತ್ರದಂತೆ ಮಿನುಗಿದರೆ ಹೊಸ ಬೆಲ್ಲೋಸಿನ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಿ. ಆಮೇಲೆ ಮುಂದಿನ ಚೌಕಟ್ಟನ್ನು ಬಿಗಿ ಮಾಡಿ ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿ. ಮಲೆನಾಡಿನ ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಆದ್ದರಿಂದ ಜಾರುಹಳಿ ಸ್ವಲ್ಪ ಬಿಗಿಯಾಗಿದ್ದರೆ ಅದು ದೋಷವಲ್ಲ, ಆದರೆ ಬಿಗಿ ಮಾಡಿದ ಮೇಲೂ ಅಲುಗಿದರೆ ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ಮಸುಕು ಗಾಜು, ಅಂದರೆ ಬಿಂಬ ನೋಡಿ ಫೋಕಸ್ ಮಾಡುವ ಹಿಂಬದಿಯ ಗಾಜು. ಹೋಲ್ಡರಿನಲ್ಲಿ ಫಿಲ್ಮ್ ಒರಗುವ ತಳದ ಆಳ ಸುಮಾರು 5 ಮಿ.ಮೀ., ಗಾಜಿನ ಒರಟು ಮೈ ಕೂಡ ಲೆನ್ಸಿನಿಂದ ಫಿಲ್ಮ್ ಇರುವಷ್ಟೇ ದೂರದಲ್ಲಿರಬೇಕು. ಹಿಂದಿನ ಮಾಲೀಕರು ಯಾರಾದರೂ ಬೆಳಕು ಹೆಚ್ಚಲೆಂದು ಗಾಜಿನ ಒಳಬದಿಗೆ ಫ್ರೆನೆಲ್ ಎಂಬ ತೆಳು ಪ್ಲಾಸ್ಟಿಕ್ ಲೆನ್ಸ್ ಹಾಳೆ ಸೇರಿಸಿದ್ದರೆ ಈ ದೂರ ಕೆಟ್ಟಿರುತ್ತದೆ, ಮತ್ತು ಗಾಜಿನಲ್ಲಿ ಸ್ಫುಟವಾಗಿ ಕಂಡದ್ದು ಫಿಲ್ಮಿನಲ್ಲಿ ಮಂಕಾಗಿ ಬರುತ್ತದೆ. ಗಾಜಿನ ಒರಟು ಮೈ ಲೆನ್ಸಿನ ಕಡೆಗಿದೆಯೇ ಎಂದು ಉಗುರಿನಿಂದ ಮುಟ್ಟಿ ತಿಳಿದುಕೊಳ್ಳಿ. ಅವರು ಒಪ್ಪಿದರೆ ಅಳತೆಪಟ್ಟಿಯನ್ನು ಓರೆಯಾಗಿಟ್ಟು, ಒಂದು ಅಂಕಿಗೆ ಭೂತಗನ್ನಡಿಯಿಂದ ಫೋಕಸ್ ಮಾಡಿ, ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದಿಟ್ಟು ಒಂದು ಹಾಳೆ ಎಕ್ಸ್‌ಪೋಸ್ ಮಾಡಿಕೊಂಡು ಬನ್ನಿ. ಮನೆಯಲ್ಲಿ ಸಂಸ್ಕರಿಸಿದಾಗ ಅದೇ ಅಂಕಿ ಸ್ಫುಟವಾಗಿ ಬಂದಿದ್ದರೆ ಮುಂಗಡ ಕೊಡಿ.