ಅಡಿಕೆ ಸಿಪ್ಪೆ ಎಣ್ಣೆನ ಡಾಂಬರಿಗೆ ಬೆರೆಸಬಹುದಾ?

ಚನ್ನಗಿರಿ_ತೋಟ:
ಸೀಜನ್ ಶುರುವಾದ್ರೆ ಸಾಕು ನಮ್ ಕಡೆ ರೋಡಿನ ಎರಡೂ ಬದಿ ಅಡಿಕೆ ಸಿಪ್ಪೆ ರಾಶಿ, ತೋಟದ ಫಸಲು ಗುತ್ತಿಗೆ ಹಿಡಿಯೋ ಖೇಣಿದಾರ್ರು ರಾತ್ರೋರಾತ್ರಿ ಟ್ರ್ಯಾಕ್ಟರ್‌ನಲ್ಲಿ ತಂದು ಸುರಿದು ಹೋಗ್ತಾರೆ, ಅರ್ಧ ಒಣಗಿದ್ಮೇಲೆ ಯಾರೋ ಬೆಂಕಿ ಇಡ್ತಾರೆ, ಬೈಕಲ್ಲಿ ಹೋಗೋರಿಗೆ ಮುಂದೆ ಏನೂ ಕಾಣಲ್ಲ. ಇಂಥ ತ್ಯಾಜ್ಯದಿಂದ ಎಣ್ಣೆ ತೆಗೆದು ಡಾಂಬರಿಗೆ ಸೇರಿಸ್ತಾರಂತೆ, ನಾಗಪುರದ ಹತ್ರ ಹೈವೇಲೇ ಹಾಕ್ಯಾರಂತೆ. ನಮ್ ಹುಡುಗ ಒಬ್ಬ ಇದ್ದಿಲು ಸುಡೋ ಡ್ರಮ್ಮಿಗೆ ಪೈಪ್ ಕೂರಿಸಿ, ಹೊಗೆನ ನೀರಲ್ಲಿ ತಣ್ಣಗೆ ಮಾಡಿ ಒಂದು ಕ್ಯಾನ್ ಕರಿ ಎಣ್ಣೆ ಹಿಡಿದಿದಾನೆ. ಮಾವ ಸಣ್ಣ ಕಂಟ್ರಾಕ್ಟರ್, ಹಳ್ಳಿ ರಸ್ತೆ ಕೆಲಸ ಮಾಡಿಸ್ತಾರೆ. ನೇರವಾಗಿ ಬಾಯ್ಲರಿಗೆ ಸುರಿಯಬಹುದಾ?

ಲ್ಯಾಬ್_ದಾವಣಗೆರೆ:
ದಯವಿಟ್ಟು ಸುರಿಬೇಡ್ರಿ! ಆ ಕ್ಯಾನನ್ನ ಒಂದೆರಡು ದಿನ ಅಲ್ಲಾಡಿಸದೆ ಇಡ್ರಿ, ಮೇಲೆ ಟೀ ಬಣ್ಣದ ನೀರು, ತಳದಲ್ಲಿ ಜಿಗಟು ಕರಿ ಟಾರ್, ಎರಡು ಪದರ ಆಗುತ್ತೆ. ಸರಿಯಾದ ಫಾಸ್ಟ್ ಪೈರೋಲಿಸಿಸ್ ಪ್ಲಾಂಟಲ್ಲಿ, ಅಂದ್ರೆ ಗಾಳಿ ಇಲ್ಲದೆ ಸುಮಾರು 500 ಡಿಗ್ರಿಗೆ ಕಾಯಿಸಿ ಆವಿನ ಎರಡು ಸೆಕೆಂಡೊಳಗೆ ತಣಿಸಿದ್ರೂ ಆ ಎಣ್ಣೇಲಿ 15ರಿಂದ 30 ಪರ್ಸೆಂಟ್ ನೀರೇ ಇರುತ್ತೆ, ಡ್ರಮ್ಮಿಂದ ಬಂದಿದ್ರಲ್ಲಿ ಇನ್ನೂ ಜಾಸ್ತಿ. 150 ಡಿಗ್ರಿ ಡಾಂಬರಿಗೆ ಅದು ಬಿದ್ರೆ ನೀರು ಒಮ್ಮೆಲೇ ಆವಿಯಾಗಿ ನೊರೆ ಉಕ್ಕಿ ಬಾಯ್ಲರಿಂದ ಹೊರಗೆ ಬರುತ್ತೆ, ಪಕ್ಕದಲ್ಲಿ ನಿಂತೋನ ಗತಿ ಏನು? ಮೇಲಿಂದ ಅದು ಆಸಿಡ್, ಪಿಎಚ್ 2-3, ಕಬ್ಬಿಣದ ಟ್ಯಾಂಕ್ ತಿಂದುಹಾಕುತ್ತೆ.

ಮೊದಲು ನಿಧಾನವಾಗಿ ಕಾಯಿಸಿ ನೀರು, ಹಗುರ ಅಂಶ ಎಲ್ಲಾ ತೆಗೆದು ಉಳಿದ ಗಟ್ಟಿ ಭಾಗ ಮಾತ್ರ ಬೆರೆಸಬೇಕು. ಹಗುರ ಅಂಶ ಉಳಿದ್ರೆ ಫ್ಲ್ಯಾಶ್ ಪಾಯಿಂಟಲ್ಲೇ, ಅಂದ್ರೆ ಆವಿಗೆ ಬೆಂಕಿ ಹತ್ತೋ ಉಷ್ಣತೇಲೇ ಫೇಲು, ಡಾಂಬರಿನ ಭಾರತೀಯ ಮಾನದಂಡ ಐಎಸ್ 73 ಪ್ರಕಾರ ಡಾಂಬರಿಗೆ ಕಡಿಮೆ ಅಂದ್ರೂ 220 ಡಿಗ್ರಿ ಇರಬೇಕು.

ಜಲ್ಲಿ_ಕಂಟ್ರಾಕ್ಟರ್:
ಲ್ಯಾಬಿನವರು ಹೇಳಿದ್ದು ಸರಿ ಐತೆ. ನಮ್ಮ ಕಡೆಯಿಂದ ಇನ್ನೊಂದು, ಬಿಲ್ ಆಗ್ಬೇಕಂದ್ರೆ ರಿಫೈನರಿ ಇನ್ವಾಯ್ಸ್ ಕೇಳ್ತಾರೆ, ವಿಜಿ-30 (ರಸ್ತೆ ಡಾಂಬರಿನ ಒಂದು ದರ್ಜೆ) ಅಂತ ಎಸ್ಟಿಮೇಟಲ್ಲಿ ಬರೆದ ಮೇಲೆ ನಿಮ್ ಕ್ಯಾನ್ ಎಣ್ಣೆಗೆ ಯಾವ ಇಂಜಿನಿಯರ್ ಸೈನ್ ಹಾಕ್ತಾನೆ. ಮಾವನಿಗೆ ಹೇಳ್ರಿ, ಮೇಂಟೆನೆನ್ಸ್ ಪೀರಿಯಡ್ ಒಳಗೆ ರಸ್ತೆ ಕಿತ್ರೆ ಸ್ವಂತ ದುಡ್ಡಲ್ಲಿ ಹಾಕ್ಬೇಕು.

ಚನ್ನಗಿರಿ_ತೋಟ:
ಹಂಗಾದ್ರೆ ನಾಗಪುರದಲ್ಲಿ ಹೆಂಗೆ ಒಪ್ಕೊಂಡ್ರು?

ಸಿವಿಲ್_ಫೈನಲ್_ಇಯರ್:
ಅಣ್ಣ, ಅದು ಎನ್‌ಎಚ್ 44 ಮನ್ಸರ್ ಹತ್ರ, 2024 ಡಿಸೆಂಬರಲ್ಲಿ ಗಡ್ಕರಿ ಉದ್ಘಾಟನೆ ಮಾಡಿದ್ದು. ಆದ್ರೆ ಅಲ್ಲಿ ಬೆರೆಸಿದ್ದು ಲಿಗ್ನಿನ್, ಗಿಡದ ನಾರನ್ನ ಹಿಡಿದಿಡೋ ಅಂಶ, ನೀವು ಹೇಳೋ ಪೈರೋಲಿಸಿಸ್ ಎಣ್ಣೆ ಅಲ್ಲ.

ಎಣ್ಣೆ ಸಾಮಾನ್ಯವಾಗಿ ಡಾಂಬರನ್ನ ಮೆತ್ತಗೆ ಮಾಡುತ್ತೆ. ಹೊಸ ವಿಜಿ-30ಗೆ ಹಾಕಿದ್ರೆ ನಮ್ ಚಿತ್ರದುರ್ಗ ಬಿಸಿಲಿಗೆ ಲಾರಿ ಚಕ್ರದ ಜಾಡು ಬೀಳುತ್ತೆ. ಅದಕ್ಕೇ ಹಳೇ ರಸ್ತೆ ಕಿತ್ತು ಮರುಬಳಕೆ ಮಾಡುವಾಗ ಹಾಕೋದೇ ವಾಸಿ ಅನ್ಸುತ್ತೆ ನಂಗೆ, ಅಲ್ಲಿ ಡಾಂಬರು ಗಾಳಿ ಬಿಸಿಲಿಗೆ ಆಕ್ಸಿಡೈಸ್ ಆಗಿ ಗಟ್ಟಿಯಾಗಿ ಪೆಡಸಾಗಿರುತ್ತೆ, ಅದನ್ನ ಮತ್ತೆ ಮೆತ್ತಗೆ ಮಾಡೋಕೆ ಏನಾದ್ರೂ ಬೇಕೇ ಬೇಕು. ಆದ್ರೆ ಈ ಪೈರೋಲಿಸಿಸ್ ಎಣ್ಣೇಲಿ ಆಕ್ಸಿಜನ್ ಜಾಸ್ತಿ ಇರೋದ್ರಿಂದ ಅದೇ ಬೇಗ ಮುದಿಯಾಗಿ ಮತ್ತೆ ಗಟ್ಟಿಯಾಗೋ ಚಾನ್ಸ್ ಐತೆ, ಬೆರೆಸಿದ ಡಾಂಬರನ್ನ 163 ಡಿಗ್ರೀಲಿ 85 ನಿಮಿಷ ತಿರುಗಿಸಿ ಎಷ್ಟು ಮುದಿಯಾಗುತ್ತೆ ಅಂತ ನೋಡೋ ಟೆಸ್ಟ್ ಮಾಡಿಸದೆ ಮುಂದೆ ಹೋಗಬಾರದು.

ಇನ್ನೊಂದು ಲೆಕ್ಕ ನೋಡಿ. 3.75 ಮೀಟರ್ ಅಗಲ, 30 ಎಂಎಂ ದಪ್ಪ, ಒಂದು ಕಿಲೋಮೀಟರ್ ಅಂದ್ರೆ ಹೆಚ್ಚುಕಮ್ಮಿ 260 ಟನ್ ಮಿಕ್ಸು, 5 ಪರ್ಸೆಂಟ್ ಡಾಂಬರು ಅಂದ್ರೆ 13 ಟನ್, ಅದ್ರಲ್ಲಿ ಹತ್ತನೇ ಒಂದು ಭಾಗ ಎಣ್ಣೆ ಹಾಕಿದ್ರೂ 1.3 ಟನ್ ಅಷ್ಟೇ. ಹಳ್ಳಿ ರಸ್ತೆ ನಂಬ್ಕೊಂಡು ಸಿಪ್ಪೆ ರಾಶಿ ಖಾಲಿ ಆಗಲ್ಲ.

ಚನ್ನಗಿರಿ_ತೋಟ:
ಅಷ್ಟೇನಾ! ನಾನು ಲೋಡ್‌ಗಟ್ಲೆ ಹೋಗುತ್ತೆ ಅಂದ್ಕೊಂಡಿದ್ದೆ.

ಹೊಲದಮನೆ:
ನೀವೆಲ್ಲಾ ಒಣ ಸಿಪ್ಪೆ ಲೆಕ್ಕ ಹಾಕ್ತಿದೀರಿ. ನಮ್ ಕಡೆ ಹಸಿ ಅಡಿಕೆ ಸುಲಿಯೋದು, ಸಿಪ್ಪೆ ಹಿಂಡಿದ್ರೆ ನೀರು ಸುರಿಯುತ್ತೆ, ಅದನ್ನ ಒಣಗಿಸೋಕೇ ಅರ್ಧ ಸೌದೆ ಖರ್ಚಾಗುತ್ತೆ. ಎಣ್ಣೆ ತೆಗಿಲೇಬೇಕಂದ್ರೆ ಚಳ್ಳಕೆರೆ ಶೇಂಗಾ ಸಿಪ್ಪೆ ನೋಡ್ರಿ, ಒಣಗೇ ಬರುತ್ತೆ, ಇಲ್ಲಾ ದಾವಣಗೆರೆ ಮೆಕ್ಕೆಜೋಳದ ದಿಂಡು. ಭತ್ತದ ಹೊಟ್ಟಿನ ತಂಟೆಗೆ ಹೋಗಬೇಡ್ರಿ, ಬೂದಿನೇ ಜಾಸ್ತಿ, ಎಣ್ಣೆ ಕಮ್ಮಿ. ಅಡಿಕೆ ಸಿಪ್ಪೆ ತೋಟದ ಬುಡಕ್ಕೇ ವಾಪಸ್ ಹಾಕ್ರಿ, ಸಗಣಿ ಜೊತೆ ಗುಂಡಿಗೆ ಹಾಕಿ ಕೊಳೆಸಿದ್ರೆ ಒಳ್ಳೆ ಗೊಬ್ಬರ. ಕೊಳೆಯೋದು ಸ್ವಲ್ಪ ತಡ, ಅಷ್ಟೇ.

ಲ್ಯಾಬ್_ದಾವಣಗೆರೆ:
ಅದೂ ಸರಿ. ಆದ್ರೂ ಆ ಹುಡುಗನ ಉತ್ಸಾಹ ಕೆಡಿಸಬೇಡ್ರಿ, ತಳದ ಟಾರ್ ಅರ್ಧ ಲೀಟರ್ ಪ್ರತ್ಯೇಕ ಮಾಡಿ ಗಾಜಿನ ಬಾಟ್ಲಲ್ಲಿ ತರೋಕೆ ಹೇಳಿ, ಪ್ಲಾಸ್ಟಿಕ್ ಬೇಡ. ಸಿವಿಲ್ ಡಿಪಾರ್ಟ್‌ಮೆಂಟ್ ಇರೋ ಯಾವ ಕಾಲೇಜಲ್ಲಾದ್ರೂ ಪೆನೆಟ್ರೇಶನ್, ಸಾಫ್ಟ್‌ನಿಂಗ್ ಪಾಯಿಂಟ್ ಮಷಿನ್ ಇರ್ತಾವೆ, ಅಂದ್ರೆ ಡಾಂಬರು ಎಷ್ಟು ಗಟ್ಟಿ, ಎಷ್ಟು ಬಿಸಿಗೆ ಮೆತ್ತಗಾಗುತ್ತೆ ಅಂತ ಅಳೆಯೋವು, ಪ್ರಾಜೆಕ್ಟ್ ಮಾಡೋ ಹುಡುಗ್ರು ಖುಷಿಯಿಂದ ತಗೋತಾರೆ. ಕಾಯಿಸೋಕೆ ಮುಂಚೆ ನೀರಿನ ಅಂಶ ನೋಡಿಸ್ರಿ.